ಸಾಂಗೊ-ಕಾಕು: ಎಲೆ ಉದುರಿದ ಮೇಲೆ ಕೊಳ್ಳಬೇಕಾದ ಮೇಪಲ್

ಸಿಯಾಟಲ್ ಸುತ್ತಮುತ್ತ ಜಪಾನೀ ಮೇಪಲ್‌ಗೆ ಗಿರಾಕಿಗಳು ಮುಗಿಬೀಳುವುದು ಅಕ್ಟೋಬರಿನಲ್ಲಿ. ಎಲ್ಲರ ಕಣ್ಣೂ ಬಣ್ಣ ತಿರುಗಿದ ಎಲೆಯ ಮೇಲೆ. ಸಾಂಗೊ-ಕಾಕು ತಳಿಯನ್ನು ಮಾತ್ರ ಜನವರಿಯಲ್ಲಿ, ಒಂದೆಲೆಯೂ ಉಳಿದಿಲ್ಲದಾಗ ಹೋಗಿ ಆರಿಸಬೇಕು. ಈ ಮರಕ್ಕೆ ನಾವು ದುಡ್ಡು ಕೊಡುವುದೇ ತೊಗಟೆಯ ಸಲುವಾಗಿ. ಚಳಿ ಬಲಿತಂತೆ ಎಳೆಯ ರೆಂಬೆಗಳು ಹವಳದ ಕೆಂಪಿಗೆ ತಿರುಗುತ್ತವೆ. ಹತ್ತಿರ ಹೋಗಿ ನೋಡಿ: ಬಿಸಿಲಿಗೆ ಒಡ್ಡಿದ ಮಗ್ಗುಲು ಗಾಢ, ಹಿಂಬದಿ ತುಸು ಪೇಲವ, ಗೆಣ್ಣು ಗೆಣ್ಣಿಗೂ ಎದುರುಬದುರಾಗಿ ಎರಡೆರಡು ಕೆಂಪು ಮೊಗ್ಗು. ನಾಲ್ಕೂವರೆಗೆಲ್ಲ ಕತ್ತಲಾಗುವ ಇಲ್ಲಿನ ಡಿಸೆಂಬರಿನಲ್ಲಿ ಅಡುಗೆಮನೆಯ ಕಿಟಕಿಯಾಚೆ ಇದು ಕಂಡರೆ ಕೊಟ್ಟ 160 ಡಾಲರ್ ದುಬಾರಿ ಅನ್ನಿಸುವುದಿಲ್ಲ.

ಮರಕ್ಕೆ ಐದರಲ್ಲಿ ನಾಲ್ಕು ಅಂಕ, ಮಾರಿದ ನರ್ಸರಿಗೆ ಎರಡು. ಬುಡದಲ್ಲಿ ಬೇರುಗಳು ಅಗಲವಾಗಿ ಕವಲೊಡೆಯುವ ಜಾಗ ಮಣ್ಣಿನ ಮೇಲೆ ಕಾಣಬೇಕು. ನನ್ನ ಕುಂಡದಲ್ಲಿ ಅದು ನಾಲ್ಕು ಬೆರಳು ಕೆಳಗೆ ಹೂತುಹೋಗಿತ್ತು. ಮಣ್ಣು ಕೆದಕಿದಾಗ ಒಂದು ಬೇರು ಕಾಂಡವನ್ನೇ ಸುತ್ತಿ ಬಿಗಿಯುತ್ತಿತ್ತು. ಅದನ್ನು ಕತ್ತರಿಸಿಯೇ ನೆಡಬೇಕಾಯಿತು. ಕೇಳಿದರೆ, “ಕುಂಡಗಳೆಲ್ಲ ಹೀಗೆಯೇ ಬರುತ್ತವೆ” ಎಂದರು. ಬರುತ್ತವೆ ಸರಿ, ಮಾರುವ ಮುನ್ನ ನೋಡುವವರು ಯಾರು? ಅಂಗಡಿಯ ಚಿತ್ರದಲ್ಲಿ ಮರವೆಲ್ಲ ಕೆಂಪು. ನಿಜದಲ್ಲಿ ವಯಸ್ಸಾದಂತೆ ಕಾಂಡ ಬೂದುಗಂದಾಗುತ್ತದೆ, ಬಣ್ಣ ಹೊಸ ರೆಂಬೆಗಳಲ್ಲಷ್ಟೇ ಉಳಿಯುತ್ತದೆ. ಇದನ್ನೂ ಅವರು ಹೇಳಲಿಲ್ಲ.

ವಸಂತದಲ್ಲಿ ಕೆಂಪಂಚಿನ ತಿಳಿಹಸಿರು ಎಲೆ, ಶರತ್ಕಾಲದಲ್ಲಿ ಬಂಗಾರದ ಹಳದಿ; ಅದೂ ಚೆಂದವೇ. ಬೆಳಗಿನ ಬಿಸಿಲು ಬೇಕು, ಪಡುವಣ ಬಿಸಿಲು ಬೇಡ. 2021ರ ಜೂನ್ 28ರಂದು ಸಿಯಾಟಲ್ 42 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಎಲೆಗಳು ಹುರಿದ ಹಪ್ಪಳದಂತೆ ಮುರುಟಿದವು. ಬಿಡದೆ ನೀರುಣಿಸಿದ ಮೇಲೆ ಮತ್ತೆ ಚಿಗುರಿತು. ಜುಲೈ, ಆಗಸ್ಟ್‌ಗಳಲ್ಲಿ ಇಲ್ಲಿ ಮಳೆ ಕಡಿಮೆ. ಬುಡಕ್ಕೆ ಮರದ ಚಕ್ಕೆಗಳ ಹೊದಿಕೆ ಹಾಸಿ, ಆದರೆ ಅದು ಕಾಂಡಕ್ಕೆ ತಾಗದಿರಲಿ. ಒಂದು ಅಂಕ ಕಳೆದದ್ದು ರೋಗಕ್ಕೆ: ಒದ್ದೆ ವಸಂತದಲ್ಲಿ ರೆಂಬೆಯ ತುದಿಗಳು ಕಪ್ಪಾಗಿ ಸಾಯುತ್ತವೆ. ಅದು ಬ್ಯಾಕ್ಟೀರಿಯಾದ ಕೆಲಸ, ಈ ತಳಿಗೆ ಅದರ ಕಾಟ ಜಾಸ್ತಿ. ಒಣ ದಿನ ನೋಡಿ, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಂಡು ಕತ್ತರಿಸಿ ತೆಗೆಯಿರಿ.

ಬೆಂಗಳೂರಿನ ನಮ್ಮ ಅತ್ತಿಗೆಗೂ ಇಂಥದ್ದೊಂದು ಬೇಕಂತೆ. ಬೇಡ ಎಂದಿದ್ದೇನೆ, ತಿಂಗಳುಗಟ್ಟಲೆ ಕೊರೆಯುವ ಚಳಿಯಲ್ಲಿ ಮಲಗದೆ ಇದು ನೆಟ್ಟಗೆ ಚಿಗುರುವುದಿಲ್ಲ. ಇಲ್ಲಿರುವವರು ಕಾಂಡದ ಚೆಲುವೇ ಬೇಕೆಂದರೆ ಬಿರುಕು ತೊಗಟೆಯ ಅರಕಾವಾ ತಳಿಯನ್ನು ನೋಡಿ. ಇಲ್ಲವೇ ದಾಲ್ಚಿನ್ನಿ ಬಣ್ಣದ ಸಿಪ್ಪೆ ಸುಲಿದುಕೊಳ್ಳುವ, ಚೀನಾ ಮೂಲದ ಪೇಪರ್‌ಬಾರ್ಕ್ ಮೇಪಲ್ ಇದೆ. ಸಿಯಾಟಲ್‌ನ ವಾಷಿಂಗ್ಟನ್ ಪಾರ್ಕ್ ಅರ್ಬೊರೇಟಮ್ ಎಂಬ ಮರಗಳ ಉದ್ಯಾನದ ವಿಟ್ ಚಳಿಗಾಲದ ತೋಟದಲ್ಲಿ ಅದನ್ನು ಕಣ್ಣಾರೆ ಕಂಡು ಬಂದು ಆಮೇಲೆ ಚೌಕಾಸಿಗೆ ಇಳಿಯಿರಿ. ಅಲ್ಲಿ ಪ್ರವೇಶ ಉಚಿತ.