60 ಕೆಜಿ ಹೊರುತ್ತದೆ ಎಂದ ಬೇಟೆ ಬ್ಯಾಗು ಹಳ್ಳದ ನಡುವೆ ಕೈಕೊಟ್ಟಿತು

ಮಳೆಗಾಲ ಶುರುವಾಗುವ ಮೊದಲೇ ಇದನ್ನು ಬರೆಯಬೇಕು ಅಂತ ಇದ್ದೆ. ಘಟ್ಟದ ಬದಿಯಲ್ಲಿ, ಮಳೆಗಾಲಕ್ಕೆ ಜೀಪು ಬಾರದ ಮನೆಗಳಲ್ಲಿ ಇರುವವರು ದಯವಿಟ್ಟು ಓದಿ. ಆನ್‌ಲೈನ್‌ನಲ್ಲಿ ‘ಹಂಟಿಂಗ್ ಬ್ಯಾಕ್‌ಪ್ಯಾಕ್, 90 ಲೀಟರ್, 60 ಕೆಜಿ ಕೆಪಾಸಿಟಿ’ ಎಂದು ಹಸಿರು ಮಚ್ಚೆಯ ದೊಡ್ಡ ಬ್ಯಾಗುಗಳು ಬರುತ್ತವೆ, ನೋಡಿರುತ್ತೀರಿ. ಅಂಥದ್ದನ್ನು ನಂಬಿ ಭಾರ ಹೊರಬೇಡಿ. ನಾನು ನಂಬಿದೆ. ಕಳೆದ ಜುಲೈನಲ್ಲಿ ಹಳ್ಳಕ್ಕೆ ಬಿದ್ದೆ. ಹಿಂದೆ ಭಾವ ಇಲ್ಲದಿದ್ದರೆ ಎದ್ದು ಬರುತ್ತಿದ್ದೆನೋ ಇಲ್ಲವೋ.

ನಮ್ಮ ಮನೆ ದೇವಿಮನೆ ಘಟ್ಟದ ಬದಿಯ ಒಂದು ಕಣಿವೆಯಲ್ಲಿದೆ. ಶಿರಸಿ–ಕುಮಟಾ ರಸ್ತೆಯಿಂದ ಒಳಗೆ ಸ್ವಲ್ಪ ದೂರ ಮಣ್ಣಿನ ರಸ್ತೆ. ಆಮೇಲೆ ಎರಡೂವರೆ ಕಿಲೋಮೀಟರ್ ಕಾಲುದಾರಿ, ನಡುವೆ ಎರಡು ಸಂಕ, ಅಂದರೆ ಹಳ್ಳ ದಾಟುವ ಕಾಲುಸೇತುವೆ. ಬೇಸಿಗೆಯಲ್ಲಿ ಹಳ್ಳದೊಳಗೇ ಜೀಪು ಇಳಿಸಿ ಮನೆ ತನಕ ತರಬಹುದು. ಜೂನ್‌ನಿಂದ ಅಕ್ಟೋಬರ್ ತನಕ ಎಲ್ಲವೂ ಮಂಡೆ ಮೇಲೆ ಇಲ್ಲವೇ ಬೆನ್ನ ಮೇಲೆ. ಅಕ್ಕಿ, ಬೆಲ್ಲ, ದನಕ್ಕೆ ಹಿಂಡಿ, ಗ್ಯಾಸ್ ಸಿಲಿಂಡರ್ ಎಲ್ಲವೂ. ತುಂಬಿದ ಸಿಲಿಂಡರಿನಲ್ಲಿ ಗ್ಯಾಸೇ 14.2 ಕೆಜಿ. ಕಬ್ಬಿಣದ ತೂಕ ಸೇರಿದರೆ 30 ಕೆಜಿಯ ಹತ್ತಿರ ಬರುತ್ತದೆ.

ಅಪ್ಪಯ್ಯನ ಕಾಲದವರು ಸಿಂಬೆ ಇಟ್ಟುಕೊಂಡು ಮಂಡೆ ಮೇಲೆ ಹೊತ್ತರು. ನನಗೆ ಅದು ಒಗ್ಗಲಿಲ್ಲ. ಹತ್ತು ವರ್ಷ ಹೊರಗೆ ಕೆಲಸ ಮಾಡಿ ಊರಿಗೆ ಬಂದವನು ನಾನು. 20 ಕೆಜಿ ಅಕ್ಕಿ ಹೊತ್ತರೆ ಎರಡು ದಿನ ಕುತ್ತಿಗೆ ತಿರುಗುತ್ತಿರಲಿಲ್ಲ. ಹಾಗಿರುವಾಗ ಒಂದು ವಿಡಿಯೊ ಕಣ್ಣಿಗೆ ಬಿತ್ತು. ಅಮೆರಿಕದ ಬೇಟೆಗಾರನೊಬ್ಬ ಎಲ್ಕ್ ಎಂಬ ದೊಡ್ಡ ಜಿಂಕೆಯ ತೊಡೆ ಮಾಂಸವನ್ನು ಬ್ಯಾಗಿಗೆ ಬಿಗಿದುಕೊಂಡು ಗುಡ್ಡ ಇಳಿಯುತ್ತಿದ್ದ. ಅದರ ಒಂದು ಹಿಂಗಾಲೇ 30 ಕೆಜಿಯ ಹತ್ತಿರ ತೂಗಬಹುದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಅದು ಆಗಲೇಬಾರದ ಕೆಲಸ ಅಂತಲೇ ನನ್ನ ಮನಸ್ಸೂ ಹೇಳುತ್ತದೆ. ಆದರೆ ಆ ಬ್ಯಾಗು ನೋಡಿದಾಗ ಹೊಳೆದದ್ದು ಬೇರೆ. ಅಷ್ಟು ಭಾರವನ್ನು ಕಾಡುದಾರಿಯಲ್ಲಿ ಹೊರಲು ಅವರಿಗೆ ಆಗುವುದಾದರೆ, ನಮ್ಮ ಅಕ್ಕಿ ಚೀಲಕ್ಕೆ ಅದು ಯಾಕೆ ಆಗಬಾರದು?

ಆ ಯೋಚನೆ ತಪ್ಪಲ್ಲ ಅಂತ ಈಗಲೂ ಅನ್ನುತ್ತೇನೆ. ತಪ್ಪಿದ್ದು ಕೊಳ್ಳುವಾಗ.

ನಾನು ನೋಡಿದ್ದು ಮೂರೇ ಮೂರು. ಎಷ್ಟು ಲೀಟರ್, ಎಷ್ಟು ಕೆಜಿ, ಎಷ್ಟು ರೂಪಾಯಿ. 2,899 ರೂಪಾಯಿಗೆ 90 ಲೀಟರಿನ ಬ್ಯಾಗು ಬಂತು. ಮೇ ತಿಂಗಳಲ್ಲೇ ತರಿಸಿ ಅಟ್ಟದ ಮೇಲಿಟ್ಟೆ. ಅಪ್ಪಯ್ಯ ಒಂದೇ ಮಾತು ಹೇಳಿದ್ದರು: “ತಮಾ, ಮೊದ್ಲು ಅಂಗಳದಲ್ಲಿ ಹೊತ್ಕಂಡು ನೋಡು.” ನೋಡಲಿಲ್ಲ. ಆ ಒಂದು ಮಾತು ಕೇಳಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಜುಲೈ ಕೊನೆಯಲ್ಲಿ ಎರಡು ದಿನ ಮಳೆ ಬಿಟ್ಟು ಹೊಳವಾಯಿತು. ಅಡಿಕೆ ಬೆಳೆಯುವವರಿಗೆ ಗೊತ್ತಲ್ವಾ, ಕಾಯಿ ಕೊಳೆತು ಉದುರದ ಹಾಗೆ ಹೊಡೆಯುವ ಕೊಳೆ ಮದ್ದಿನ ಎರಡನೇ ಸುತ್ತು ಆಗಬೇಕಾದ ಹೊತ್ತು ಅದು. ಮೊದಲ ಸುತ್ತಾಗಿ 40–45 ದಿನಕ್ಕೆ ಇನ್ನೊಂದು ಆಗಲೇಬೇಕು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಮರುದಿನ ಬರುತ್ತೇನೆ ಎಂದಿದ್ದ. ಭಾವ ಮತ್ತು ನಾನು ಶಿರಸಿಗೆ ಹೋಗಿ ಆ ಮದ್ದಿಗೆ ಬೇಕಾದ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ತಂದೆವು. 100 ಲೀಟರ್ ನೀರಿಗೆ ಒಂದೊಂದು ಕೆಜಿಯ ಲೆಕ್ಕ. ನನ್ನ ಬ್ಯಾಗಿಗೆ ಹತ್ತು ಕೆಜಿ ಮೈಲುತುತ್ತ, ಹತ್ತು ಕೆಜಿ ಸುಣ್ಣ, ಮೇಲೆ ಹತ್ತು ಕೆಜಿ ಅಕ್ಕಿ, ಸಣ್ಣಪುಟ್ಟ ಸಾಮಾನು ಎಲ್ಲ ಸೇರಿ 34 ಕೆಜಿ ಆಯಿತು. 60 ಹೊರುವ ಬ್ಯಾಗಿಗೆ 34 ಯಾವ ಲೆಕ್ಕ ಅಂದುಕೊಂಡೆ.

ಹೊರಟು ಹತ್ತು ನಿಮಿಷಕ್ಕೇ ಸೊಂಟದ ಪಟ್ಟಿ ಕೆಳಗೆ ಜಾರತೊಡಗಿತು. ಪಟ್ಟಿ ಎಂದರೆ ಅದು ಬರೀ ಒಂದೂವರೆ ಇಂಚು ಅಗಲದ ನೇಯ್ದ ಲಾಡಿ, ಎರಡು ಕಡೆ ತೆಳು ಸ್ಪಂಜಿನ ತುಂಡು. ಬಿಗಿ ಮಾಡಿದರೆ ಹೊಟ್ಟೆ ಕುತ್ತುತ್ತದೆ, ಬಿಟ್ಟರೆ ಇಳಿಯುತ್ತದೆ. ಅಂದರೆ ಪೂರ್ತಿ ಭಾರ ಭುಜದ ಮೇಲೇ. ಹಾಕಿದ್ದೆಲ್ಲ ಬ್ಯಾಗಿನ ತಳಕ್ಕೆ ಕುಸಿದು ಬೆನ್ನಿನಿಂದ ಒಂದು ಗೇಣು ದೂರ ಜೋತುಬಿತ್ತು. ಬ್ಯಾಗು ಹಿಂದಕ್ಕೆ ಎಳೆಯುತ್ತಿತ್ತು, ನಾನು ಮುಂದಕ್ಕೆ ಬಾಗುತ್ತಿದ್ದೆ. ಮೊದಲ ಸಂಕ ದಾಟುವ ಹೊತ್ತಿಗೆ ಬಲಗೈಯ ಬೆರಳುಗಳು ಜೋಮು ಹಿಡಿದಿದ್ದವು. ಉಂಬಳ (ಜಿಗಣೆ) ಕಚ್ಚಿದರೂ ಕೈಗೆ ಗೊತ್ತಾಗುತ್ತಿರಲಿಲ್ಲ. ಆಗಲೇ ಇಳಿಸಬೇಕಿತ್ತು. ಮಳೆ ಮತ್ತೆ ಬರುವ ಮೋಡ ಇತ್ತು, ಗಡಿಬಿಡಿ ಮಾಡಿದೆ.

ಎರಡನೇ ಸಂಕದ ಆಚೆ ತುದಿಗೆ ಇನ್ನು ಮೂರು ಹೆಜ್ಜೆ ಇತ್ತು. ಬಲ ಭುಜದ ಪಟ್ಟಿ ಬುಡದಲ್ಲೇ ಪರ್ ಎಂದು ಹರಿಯಿತು. 34 ಕೆಜಿ ಒಮ್ಮೆಗೇ ಎಡಕ್ಕೆ ವಾಲಿತು, ಜೊತೆಗೆ ನಾನೂ. ನೀರು ಮೊಣಕಾಲಿನಷ್ಟೇ ಇತ್ತು. ಆದರೆ ನಾನು ಬಿದ್ದದ್ದು ಬೋರಲಾಗಿ, ಬ್ಯಾಗು ಬೆನ್ನ ಮೇಲೆ. ಎದೆಯ ಪಟ್ಟಿ, ಸೊಂಟದ ಪಟ್ಟಿ ಎರಡೂ ಹಾಕಿದ್ದವು ಹಾಕಿದ ಹಾಗೇ ಇದ್ದವು. ಜೋಮು ಹಿಡಿದ ಕೈಯಲ್ಲಿ ಬಕಲ್ ಒತ್ತಲು ಆಗಲಿಲ್ಲ. ಮುಖ ನೀರೊಳಗೆ. ಭಾವ ತಮ್ಮ ಹೊರೆ ಎಸೆದು ಇಳಿದು, ಸೊಂಟದ ಕೊಕ್ಕೆಯಲ್ಲಿದ್ದ ಕತ್ತಿ ತೆಗೆದು ಪಟ್ಟಿ ಕೊಯ್ದರು. ತಲೆ ಎತ್ತಿದಾಗ ಹಳ್ಳದ ನೀರು ನೀಲಿಯಾಗಿ ಹರಿಯುತ್ತಿತ್ತು. ಮೈಲುತುತ್ತದ ಚೀಲ ಒಡೆದಿತ್ತು.

ಅದು ಮೀನಿಗೆ ವಿಷ. ಕೆಳಗಿನ ಎರಡು ಮನೆಯವರು ಅದೇ ಹಳ್ಳದಿಂದ ದನಕ್ಕೆ ನೀರು ಬಿಡುತ್ತಾರೆ. ಭಾವ ನನ್ನನ್ನು ಬಂಡೆ ಮೇಲೆ ಕೂರಿಸಿ, ಉಳಿದ ಚೀಲ ಎತ್ತಿಟ್ಟು, ಆ ಮನೆಗಳಿಗೆ ಓಡಿ ಹೇಳಿ ಬಂದರು. ಆ ಸಂಜೆ ನನ್ನ ಕೈ ನೋವಿಗಿಂತ ಅದೇ ಹೆಚ್ಚು ಕೊರೆಯಿತು.

ಎಡ ಮಣಿಕಟ್ಟು ಬಿರುಕು ಬಿಟ್ಟಿತ್ತು. ಅದು ಕೂಡಿತು. ಬಲಗೈಯ ಜೋಮು ಮಾತ್ರ ಐದು ವಾರ ಹೋಗಲಿಲ್ಲ. ಲೋಟ ಹಿಡಿದರೆ ಜಾರುತ್ತಿತ್ತು. ಕತ್ತಿನಿಂದ ಕೈಗೆ ಇಳಿಯುವ ನರಗಳ ಗುಂಪು ಭುಜದ ಪಟ್ಟಿಯ ಕೆಳಗೆ ಸಿಕ್ಕಿ ಅದುಮಿಕೊಂಡಿದೆ ಎಂದರು ಡಾಕ್ಟರು. ಭಾರದ ಬ್ಯಾಗು ಹೊರುವ ಸೈನಿಕರಲ್ಲಿ, ಟ್ರೆಕ್ಕಿಂಗ್ ಮಾಡುವವರಲ್ಲಿ ಇದು ಗೊತ್ತಿರುವ ತೊಂದರೆಯಂತೆ. ಅದಕ್ಕೆ ‘ರಕ್‌ಸ್ಯಾಕ್ ಪಾಲ್ಸಿ’ ಅಂತ ಹೆಸರೇ ಇದೆ. ಹಾಗಾಗಿ ಕೈ ಜೋಮು ಹಿಡಿದರೆ ಅದನ್ನು ಸುಮ್ನೆ ಆಯಾಸ ಅಂದುಕೊಳ್ಳಬೇಡಿ. ಅಲ್ಲೇ ಇಳಿಸಿ. ಎರಡನೇ ಸುತ್ತಿನ ಮದ್ದು ಹನ್ನೆರಡು ದಿನ ತಡವಾಯಿತು. ಅಷ್ಟರಲ್ಲಿ ತೋಟದ ಕೆಳಗಿನ ತುಂಡಿನಲ್ಲಿ ಕೊಳೆ ಬಿದ್ದು ಹಸಿ ಅಡಿಕೆ ಬುಡದಲ್ಲಿ ಹಾಸಿತ್ತು.

ಕೈ ಸರಿಯಾಗುವ ತನಕ ಮನೆಯಲ್ಲಿ ಕೂತಿದ್ದಾಗ ಆ ಬ್ಯಾಗನ್ನು ಪೂರ್ತಿ ಬಿಚ್ಚಿ ನೋಡಿದೆ. ಬೆನ್ನಿನ ಕಡೆ ‘ಮೆಟಲ್ ಫ್ರೇಮ್’ ಎಂದು ಬರೆದ ಜಾಗದಲ್ಲಿ ಕೊಡೆ ಕಡ್ಡಿಯಂಥ ಒಂದು ತಂತಿ, ಆಗಲೇ ಬಾಗಿತ್ತು. ಭುಜದ ಪಟ್ಟಿಯನ್ನು ಎರಡು ಬಟ್ಟೆಗಳ ನಡುವೆ ತೂರಿಸಿ ಒಂದೇ ಒಂದು ಸಾಲು ಹೊಲಿಗೆ ಹಾಕಿದ್ದರು. ಗಟ್ಟಿ ಬ್ಯಾಗಿನಲ್ಲಿ ಅದೇ ಜಾಗಕ್ಕೆ ಒತ್ತೊತ್ತಾಗಿ ಹಿಂದೆ ಮುಂದೆ ಹೊಡೆದ ಅಡ್ಡ ಹೊಲಿಗೆ ಇರುತ್ತದೆ. ಬಾರ್‌ಟ್ಯಾಕ್ ಅನ್ನುತ್ತಾರೆ. ಜೀನ್ಸ್ ಪ್ಯಾಂಟಿನ ಬೆಲ್ಟ್ ಲೂಪಿನ ಬುಡ ನೋಡಿ, ಅಲ್ಲಿರುವುದು ಅದೇ. ಬಟ್ಟೆಗೆ ಏನೂ ಆಗಿರಲಿಲ್ಲ. 600 ಡೆನಿಯರ್ ಪಾಲಿಯೆಸ್ಟರ್ ಎಂದು ದೊಡ್ಡದಾಗಿ ಬರೆದಿದ್ದರು, ಅದು ಸುಳ್ಳೂ ಇರಲಿಕ್ಕಿಲ್ಲ. ಡೆನಿಯರ್ ಎಂದರೆ 9,000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ, ಅಷ್ಟೇ. ದಾರ ದಪ್ಪ ಇದ್ದ ಮಾತ್ರಕ್ಕೆ ಪಟ್ಟಿಯ ಬುಡ ಗಟ್ಟಿ ಅಂತ ಅರ್ಥ ಅಲ್ಲ.

ಲೀಟರ್ ಅನ್ನುವುದೂ ಹಾಗೆಯೇ. ಒಳಗೆ ಎಷ್ಟು ಜಾಗ ಇದೆ ಅನ್ನುವುದನ್ನು ಅದು ಹೇಳುತ್ತದೆಯೇ ಹೊರತು ಎಷ್ಟು ಭಾರ ತಡೆಯುತ್ತದೆ ಎಂದಲ್ಲ. ಹತ್ತಿ ತುಂಬಿದರೂ 90 ಲೀಟರ್, ಮೈಲುತುತ್ತ ತುಂಬಿದರೂ 90 ಲೀಟರ್. ನಮ್ಮ ಸಾಮಾನು ಸಣ್ಣದು, ತೂಕ ಜಾಸ್ತಿ. ದೊಡ್ಡ ಬ್ಯಾಗಿನಲ್ಲಿ ಅದು ತಳ ಸೇರಿ ಜೋಲುತ್ತದೆ.

ಆ ವಿಡಿಯೊದ ಬ್ಯಾಗು ಬೇರೆ ಜಾತಿಯದು ಅಂತ ಆಮೇಲೆ ತಿಳಿಯಿತು. ಅದರಲ್ಲಿ ಗಟ್ಟಿ ಫ್ರೇಮ್ ಬೇರೆ, ಚೀಲ ಬೇರೆ. ಭಾರದ ಮಾಂಸವನ್ನು ಚೀಲದೊಳಗೆ ಹಾಕುವುದೇ ಇಲ್ಲ. ಫ್ರೇಮಿಗೂ ಚೀಲಕ್ಕೂ ನಡುವೆ, ಬೆನ್ನಿಗೆ ಒತ್ತಿ, ಕೆಳಗಿನ ಒಂದು ಹಲಗೆಯಂಥ ಮಡಿಕೆಯ ಮೇಲೆ ಕೂರಿಸಿ ಬಿಗಿಯುತ್ತಾರೆ. ಭಾರ ಫ್ರೇಮಿನ ಮೂಲಕ ಸೊಂಟಕ್ಕೆ ಇಳಿಯುತ್ತದೆ, ಸೊಂಟದಿಂದ ಕಾಲಿಗೆ. ಭುಜದ ಪಟ್ಟಿಯ ಕೆಲಸ ಬ್ಯಾಗು ಹಿಂದೆ ಬೀಳದ ಹಾಗೆ ಹಿಡಿಯುವುದು ಮಾತ್ರ. ಅಲ್ಲಿ ಅವುಗಳ ಬೆಲೆ ಹಲವು ನೂರು ಡಾಲರ್. ನಾನು ಕೊಂಡದ್ದರಲ್ಲಿ ಬಣ್ಣ ಒಂದೇ ಬೇಟೆಯದು.

ಆ ಬಣ್ಣದ ಬಗ್ಗೆಯೂ ಹೇಳಬೇಕು. ಕಾಡುದಾರಿಯಲ್ಲಿ ಒಬ್ಬರೇ ಬಿದ್ದರೆ ಹಸಿರು ಮಚ್ಚೆಯ ಬ್ಯಾಗು ಹುಡುಕಿ ಬರುವವರ ಕಣ್ಣಿಗೆ ಬೀಳುವುದಿಲ್ಲ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಬೇಟೆಗಾರರೇ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ತೊಡಬೇಕು ಅಂತ ಕಾನೂನಿದೆ. ನಿಮ್ಮ ಬ್ಯಾಗು ಯಾವುದೇ ಇರಲಿ, ಹಿಂದೆ ಒಂದು ಕೆಂಪು ಬಟ್ಟೆ ಕಟ್ಟಿಕೊಳ್ಳಿ.

ಈಗ ನನ್ನ ಹತ್ತಿರ ಇರುವುದು ಕಾರವಾರದ ಪರಿಚಯದವರೊಬ್ಬರು ಬಳಸಿ ಬಿಟ್ಟ ಟ್ರೆಕ್ಕಿಂಗ್ ಬ್ಯಾಗು. 65 ಲೀಟರ್. ಬೆನ್ನಿನಲ್ಲಿ ಎರಡು ಅಗಲದ ಅಲ್ಯೂಮಿನಿಯಂ ಪಟ್ಟಿ ಇದೆ. ಈ ಸಲ ಹಣ ಕೊಡುವ ಮೊದಲು ಅವರ ಜಗಲಿಯಲ್ಲೇ ಅಕ್ಕಿ ಚೀಲ ತುಂಬಿ ಹೊತ್ತು ಒಂದು ತಾಸು ಓಡಾಡಿದೆ. ನೀವೂ ಹಾಗೇ ಮಾಡಿ. 15 ಕೆಜಿ ಹಾಕಿ, ಸೊಂಟದ ಪಟ್ಟಿಯನ್ನು ಸೊಂಟದ ಮೂಳೆಯ ಮೇಲಂಚಿಗೆ ಸರಿಯಾಗಿ ಕೂರಿಸಿ ಬಿಗಿಯಿರಿ. ಆಮೇಲೆ ಭುಜದ ಪಟ್ಟಿ ಎರಡನ್ನೂ ಪೂರ್ತಿ ಸಡಿಲ ಬಿಡಿ. ಬ್ಯಾಗು ಸೊಂಟದ ಮೇಲೆಯೇ ನಿಂತರೆ ಸರಿ. ಜಾರಿದರೆ, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಎತ್ತರದವರಿಗೆ ಆದದ್ದು ಗಿಡ್ಡದವರಿಗೆ ಆಗುವುದಿಲ್ಲ. ನೋಡಬೇಕಾದದ್ದು ಬೆನ್ನಿನ ಉದ್ದ: ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಕೈಗೆ ಸಿಗುವ ಗಂಟಿನಿಂದ, ಸೊಂಟದ ಮೂಳೆಯ ಮೇಲಂಚಿನ ನೇರಕ್ಕೆ. ಮನೆಯವರ ಹತ್ತಿರ ಟೇಪು ಹಿಡಿಸಿ ಅಳೆಸಿಕೊಳ್ಳಿ. ಆಮೇಲೆ ಬ್ಯಾಗನ್ನು ಒಳಗೆ ಹೊರಗೆ ಮಾಡಿ, ಪಟ್ಟಿ ಸೇರುವ ಪ್ರತಿ ಜಾಗವನ್ನೂ ಬೆರಳಿಂದ ಎಳೆದು ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಹಳೆಯದಾದರೆ ಒಳಗಿನ ಲೇಪ ಅಂಟಂಟಾಗಿದೆಯಾ ಅಂತಲೂ ಮುಟ್ಟಿ ನೋಡಿ. ನಮ್ಮ ಕಡೆಯ ತೇವಕ್ಕೆ, ಅಟ್ಟದಲ್ಲಿಟ್ಟರೆ, ಅದು ಬೇಗ ಕಿತ್ತು ಬರುತ್ತದೆ.

ತುಂಬುವಾಗ ಭಾರದ ಸಾಮಾನು ಬೆನ್ನಿಗೆ ಒತ್ತಿ, ನಡು ಬೆನ್ನಿನ ಎತ್ತರಕ್ಕೆ ಬರಲಿ. ತಳಕ್ಕೆ ಬಟ್ಟೆ, ಗೋಣಿಯಂಥ ಹಗುರ ಸಾಮಾನು ತುರುಕಿ ಎತ್ತರಿಸಿ. ಮೈಲುತುತ್ತ, ಗೊಬ್ಬರದಂಥದ್ದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲೇ ತನ್ನಿ. ಅಕ್ಕಿಯ ಜೊತೆ ಒಂದೇ ಬ್ಯಾಗಿಗೆ ಹಾಕಲೇಬೇಡಿ. ನಾನು ಹಾಕಿದ್ದು ದೊಡ್ಡ ತಪ್ಪು.

ಸಂಕ ಅಥವಾ ಹಳ್ಳ ದಾಟುವ ಮೊದಲು ನಿಂತು, ಎದೆಯ ಪಟ್ಟಿ, ಸೊಂಟದ ಪಟ್ಟಿ ಎರಡನ್ನೂ ಬಿಚ್ಚಿಕೊಳ್ಳಿ. ಬಿದ್ದರೆ ಭುಜ ಜಾಡಿಸಿದ ಕೂಡಲೇ ಬ್ಯಾಗು ಕಳಚಬೇಕು. ಸಾಮಾನು ಹೋದರೆ ಹೋಗಲಿ. ನಿಮ್ಮ ಮನೆಯ ಹುಡುಗರಿಗೂ, ಶಾಲೆ ಚೀಲ ಹೊತ್ತು ಸಂಕ ದಾಟುವ ಮಕ್ಕಳಿಗೂ ಇದನ್ನು ಹೇಳಿಕೊಡಿ.

ಹಣದ ವಿಷಯ. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಏಳು ದಿನದ ಅವಧಿ ಮುಗಿದಿದೆ, ಮಿತಿ ಮೀರಿ ಭಾರ ಹಾಕಿದ್ದೀರಿ ಎಂದರು. 60 ಕೆಜಿ ಅಂತ ನೀವೇ ಬರೆದಿದ್ದೀರಲ್ಲ ಎಂದರೆ, ಆ ಹೊತ್ತಿಗೆ ಆ ಸಾಲನ್ನೇ ತೆಗೆದಿದ್ದರು. ನನ್ನ ಹತ್ತಿರ ಅದರ ಚಿತ್ರ ಇರಲಿಲ್ಲ. ಏನೇ ತರಿಸಿದರೂ ಆ ಪುಟದ ಸ್ಕ್ರೀನ್‌ಶಾಟ್ ಮತ್ತು ಬಿಲ್ಲು ಇಟ್ಟುಕೊಳ್ಳಿ. ಬಂದ ದಿನವೇ ತೂಕ ಹಾಕಿ ಹೊತ್ತು ನೋಡಿ, ತೊಂದರೆ ಇದ್ದರೆ ವಾರದೊಳಗೆ ಕಳಿಸಿಬಿಡಿ. ಅವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು.

ಈಗ ನಾನು ಒಂದು ಸಲಕ್ಕೆ 18 ಕೆಜಿಗಿಂತ ಹೆಚ್ಚು ಹೊರುವುದಿಲ್ಲ. ನನ್ನ ತೂಕ 70 ಕೆಜಿ, ಅದರ ಕಾಲು ಭಾಗದಷ್ಟು ಆಯಿತು. ಸಿಲಿಂಡರ್ ಇದ್ದರೆ ಬಿದಿರ ಗಳಕ್ಕೆ ಕಟ್ಟಿ ಇಬ್ಬರು ಹಿಡಿಯುತ್ತೇವೆ. ಮೊನ್ನೆ ಕೊಳೆ ಮದ್ದಿನ ಸಾಮಾನನ್ನು ಮೇ ತಿಂಗಳಲ್ಲೇ, ಹಳ್ಳದಲ್ಲಿ ನೀರಿಲ್ಲದಾಗ, ಜೀಪಿನಲ್ಲಿ ತಂದು ಡಬ್ಬಿಗೆ ತುಂಬಿಟ್ಟಾಯಿತು. ಎರಡನೇ ಸುತ್ತಿನದ್ದೂ ಸೇರಿ.