ಸ್ಟೆಫಿ ಗ್ರಾಫ್ ಆಡಿದ ಡನ್‌ಲಪ್ ಮ್ಯಾಕ್ಸ್ 200ಜಿ: ಹಳೆಯ ರಾಕೆಟ್ಟೊಂದರ ವಿಮರ್ಶೆ

ಡನ್‌ಲಪ್ ಕಂಪನಿಯ ಮ್ಯಾಕ್ಸ್ 200ಜಿ ರಾಕೆಟ್ ಇಂದು ಹೊಸದಾಗಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. 1980ರ ದಶಕದಲ್ಲಿ ಅಂಕಣಕ್ಕಿಳಿದ ಈ ರಾಕೆಟ್ಟನ್ನು ಈಗ ಕೊಳ್ಳಬೇಕೆಂದರೆ ಹಳೆಯ ಸಾಮಾನು ಮಾರುವವರನ್ನೇ ಹುಡುಕಬೇಕು. ಹಾಗಿದ್ದರೂ ಇದರ ವಿಮರ್ಶೆ ಬರೆಯಲು ಕಾರಣವಿದೆ. ಜಾನ್ ಮೆಕೆನ್ರೋ 1984ರ ಇಡೀ ವರ್ಷದಲ್ಲಿ 82 ಪಂದ್ಯ ಗೆದ್ದು ಕೇವಲ ಮೂರನ್ನು ಸೋತದ್ದು ಈ ರಾಕೆಟ್ಟಿನಲ್ಲಿ. ಸ್ಟೆಫಿ ಗ್ರಾಫ್ 1988ರಲ್ಲಿ ಮೆಲ್ಬರ್ನ್, ಪ್ಯಾರಿಸ್, ವಿಂಬಲ್ಡನ್, ನ್ಯೂಯಾರ್ಕ್‌ಗಳಲ್ಲಿ ನಡೆಯುವ ನಾಲ್ಕು ಗ್ರ್ಯಾಂಡ್‌ಸ್ಲಾಮ್‌ಗಳನ್ನೂ ಒಲಿಂಪಿಕ್ ಚಿನ್ನವನ್ನೂ ಒಂದೇ ವರ್ಷದಲ್ಲಿ ಗೆದ್ದದ್ದೂ ಇದರಲ್ಲೇ. ದೂರದರ್ಶನದಲ್ಲಿ ವಿಂಬಲ್ಡನ್ ನೋಡುತ್ತ ಟೆನಿಸ್ ಕಲಿತ ನನ್ನಂಥವರಿಗೆ ಗ್ರಾಫ್ ಅವರ ಆಟ ಕಣ್ಣಿಗೆ ಪರಿಚಿತವಾಗಿತ್ತೇ ಹೊರತು ಕೈಗೆ ಅಲ್ಲ. ಈ ರಾಕೆಟ್ ಹಿಡಿದು ಆಡಿದ ಮೇಲೆ, ಆ ಆಟಗಾರ್ತಿಯ ಬಲ ಕೈಯಲ್ಲಿದ್ದದ್ದಕ್ಕಿಂತ ಕಾಲಿನಲ್ಲಿತ್ತು ಎಂಬುದು ಮನದಟ್ಟಾಯಿತು.

ಮೊದಲು ವಸ್ತುವಿನ ವಿಚಾರ. ಗ್ರಾಫೈಟ್ ರಾಕೆಟ್ಟುಗಳನ್ನು ಸಾಮಾನ್ಯವಾಗಿ ಕಾರ್ಬನ್ ನಾರಿನ ಹಾಳೆಗಳನ್ನು ರಾಳದೊಂದಿಗೆ ಪದರಪದರವಾಗಿ ಸುತ್ತಿ, ಅಚ್ಚಿನಲ್ಲಿಟ್ಟು, ಕಾಯಿಸಿ ತಯಾರಿಸುತ್ತಾರೆ. ಡನ್‌ಲಪ್ ಈ ರಾಕೆಟ್ಟಿಗೆ ಬೇರೆ ದಾರಿ ಹಿಡಿಯಿತು. ಕಾರ್ಬನ್ ನಾರಿನ ತುಣುಕುಗಳನ್ನು ಬೆರೆಸಿದ ನೈಲಾನನ್ನು ಕರಗಿಸಿ, ಬೇಗ ಕರಗುವ ಲೋಹದ ತಿರುಳಿನ ಸುತ್ತ ಅಚ್ಚಿನೊಳಕ್ಕೆ ಒತ್ತಡದಿಂದ ತುಂಬಿಸಿ, ಆಮೇಲೆ ಆ ಲೋಹವನ್ನು ಮಾತ್ರ ಕರಗಿಸಿ ಹೊರತೆಗೆದಾಗ ಒಳಗೆ ಟೊಳ್ಳಾದ, ಎಲ್ಲಿಯೂ ಜೋಡಣೆಯಿಲ್ಲದ ಒಂದೇ ಚೌಕಟ್ಟು ಉಳಿಯುತ್ತಿತ್ತು. ರಾಕೆಟ್ ಇಷ್ಟು ಮೆದುವಾಗಿರುವುದಕ್ಕೆ ಕಾರಣ ಈ ನೈಲಾನ್. ಚೆಂಡು ತಾಗಿದಾಗ ಚೌಕಟ್ಟು ಸ್ವಲ್ಪ ಬಾಗಿ ಮರಳುತ್ತದೆ. ಕೈಗೆ ಬರುವ ನಡುಕ ಬಹಳ ಕಡಿಮೆ. ತಲೆಯ ಅಳತೆ ಸುಮಾರು 85 ಚದರ ಅಂಗುಲ, ಗಟ್ (ತಂತಿ) ಹಾಕಿಸಿದ ಮೇಲೆ ತೂಕ 350 ಗ್ರಾಂ ಆಸುಪಾಸು. ಇಂದು ಕ್ಲಬ್ಬುಗಳಲ್ಲಿ ಕಾಣುವ ಬಹುಪಾಲು ರಾಕೆಟ್ಟುಗಳ ತಲೆ 98ರಿಂದ 100 ಚದರ ಅಂಗುಲ, ತೂಕ 300 ಗ್ರಾಂ ಹತ್ತಿರ. ಕಾಗದದ ಮೇಲೆ ಈ ಅಂತರ ಸಣ್ಣದಾಗಿ ಕಾಣಬಹುದು, ಆದರೆ ಅಂಕಣದಲ್ಲಿ ಮೊದಲ ಹತ್ತು ನಿಮಿಷಕ್ಕೇ ಮುಂಗೈಗೆ ಅದರ ಅರಿವಾಗುತ್ತದೆ.

ನನಗೆ ಸಿಕ್ಕ ರಾಕೆಟ್ಟಿನ ಚೌಕಟ್ಟು ಗಟ್ಟಿಯಾಗಿತ್ತು, ಗಟ್ ಮಾತ್ರ ಸತ್ತುಹೋಗಿತ್ತು. ಗ್ರಿಪ್ಪಿನ ಚರ್ಮ ಒಣಗಿ, ಮುಟ್ಟಿದರೆ ಪುಡಿ ಉದುರುತ್ತಿತ್ತು. ಮಾರಿದವರು ಕಳಿಸಿದ್ದ ಚಿತ್ರದಲ್ಲಿ ಇದಾವುದೂ ಕಾಣುತ್ತಿರಲಿಲ್ಲ. ಗಟ್ಟಿಂಗ್ ಮಾಡುವವರ ಬಳಿ ಕೊಂಡೊಯ್ದಾಗ ಅವರು ಮೊದಲು ಚೌಕಟ್ಟನ್ನು ಬೆಳಕಿಗೆ ಹಿಡಿದು, ತಂತಿ ಹಾಯುವ ಒಂದೊಂದು ತೂತಿನ ಅಂಚನ್ನೂ ಉಗುರಿನಿಂದ ಸವರಿ ಬಿರುಕಿದೆಯೇ ಎಂದು ನೋಡಿದರು. “ಸರ್, ಹಳೇ ಫ್ರೇಮು, ಐವತ್ತರ ಮೇಲೆ ಎಳೆಯೋದು ಬೇಡ” ಎಂದು ಹೇಳಿ, ಮೆದುವಾದ ಸಿಂಥೆಟಿಕ್ ಗಟ್ಟನ್ನು 48 ಪೌಂಡ್ ಬಿಗಿತಕ್ಕೆ ಕಟ್ಟಿಕೊಟ್ಟರು. ಗ್ರಾಫ್ ತಮ್ಮ ರಾಕೆಟ್ಟಿಗೆ ಇದಕ್ಕಿಂತ ಬಹಳ ಬಿಗಿಯಾಗಿ ಕಟ್ಟಿಸುತ್ತಿದ್ದರು. ಬಾಗುವ ಚೌಕಟ್ಟು, ಬಿಗಿಯಾದ ತಂತಿ. ಹೊಡೆತದ ಬಲವನ್ನೆಲ್ಲ ಮೈಯಿಂದಲೇ ಹುಟ್ಟಿಸುತ್ತೇನೆ, ರಾಕೆಟ್ಟಿನಿಂದ ನನಗೆ ಬೇಕಾದದ್ದು ಹತೋಟಿ ಮಾತ್ರ ಎನ್ನುವ ಆಟಗಾರ್ತಿಯ ಆಯ್ಕೆ ಅದು.

ಫೋರ್‌ಹ್ಯಾಂಡ್ ಹೊಡೆತದಲ್ಲಿ ಈ ಮಾತಿನ ಅರ್ಥ ಸ್ಪಷ್ಟವಾಗುತ್ತದೆ. ಈ ರಾಕೆಟ್ಟಿನ ಸ್ವೀಟ್ ಸ್ಪಾಟ್, ಅಂದರೆ ಚೆಂಡು ತಾಗಬೇಕಾದ ಸರಿಯಾದ ಜಾಗ, ಚಿಕ್ಕದು. ಚೆಂಡು ಅಲ್ಲಿಗೇ ಬಿದ್ದರೆ ಕೈಗೆ ಏನೂ ತಗಲಿದಂತೆಯೇ ಇರುವುದಿಲ್ಲ, ಚೆಂಡು ಮಾತ್ರ ಭಾರವಾಗಿ, ನೇರವಾಗಿ, ಬಲೆಗೆ ತೀರ ಹತ್ತಿರದಿಂದ ಹಾದು ಆಚೆ ಬೀಳುತ್ತದೆ. ಎರಡು ಬೆರಳಷ್ಟು ಆಚೀಚೆ ಆದರೆ ರಾಕೆಟ್ ಕೈಯಲ್ಲೇ ತಿರುಚಿಕೊಂಡು ಚೆಂಡು ಸರ್ವಿಸ್ ಗೆರೆಯ ಬಳಿ ಸತ್ತು ಬೀಳುತ್ತದೆ. ಹೊಸ ರಾಕೆಟ್ಟುಗಳಲ್ಲಿ ತಡವಾಗಿ ಬಂದು ಮಣಿಕಟ್ಟನ್ನು ತಿರುಗಿಸಿ ಬಚಾವಾಗುವ ಅವಕಾಶವುಂಟು, ಇಲ್ಲಿ ಅದಿಲ್ಲ. ಚೆಂಡು ಬರುವ ಮೊದಲೇ ಕಾಲು ಅಲ್ಲಿರಬೇಕು. ಗ್ರಾಫ್ ಅವರ ಹಳೆಯ ಪಂದ್ಯಗಳನ್ನು ಈಗ ಮತ್ತೆ ನೋಡಿದರೆ, ಚೆಂಡನ್ನು ಬಿಟ್ಟು ಅವರ ಪಾದಗಳನ್ನೇ ಗಮನಿಸಬೇಕು. ಎದುರಾಳಿ ಚೆಂಡನ್ನು ಬ್ಯಾಕ್‌ಹ್ಯಾಂಡ್ ಕಡೆಗೆ ಕಳಿಸಿದ ಕ್ಷಣವೇ ಅವರು ಪುಟ್ಟ ಪುಟ್ಟ ಹೆಜ್ಜೆಗಳಲ್ಲಿ ಎಡಕ್ಕೆ ಸುತ್ತಿಬಂದು, ಬ್ಯಾಕ್‌ಹ್ಯಾಂಡ್ ಮೂಲೆಯಲ್ಲಿ ನಿಂತು ಫೋರ್‌ಹ್ಯಾಂಡನ್ನೇ ಹೊಡೆಯುತ್ತಾರೆ. ರಾಕೆಟ್ ತುಂಬ ಮೇಲಕ್ಕೆ ಹೋಗಿ ಕೊನೆಯ ಗಳಿಗೆಯಲ್ಲಿ ಕೆಳಗಿಳಿಯುತ್ತದೆ. ಅಷ್ಟು ತಡಮಾಡಿ ಹೊಡೆಯಲು ಅವರಿಗೆ ಧೈರ್ಯ ಬಂದದ್ದು, ಚೆಂಡಿನಿಂದ ಎಷ್ಟು ದೂರದಲ್ಲಿ ನಿಲ್ಲಬೇಕೋ ಅಷ್ಟೇ ದೂರದಲ್ಲಿ ಕಾಲು ಊರಿರುತ್ತಿದ್ದುದರಿಂದ.

ಸ್ಲೈಸ್ ಬ್ಯಾಕ್‌ಹ್ಯಾಂಡಿನಲ್ಲಿ ಈ ರಾಕೆಟ್ ಕೊಡುವ ಸಂತೋಷವನ್ನು ನಾನು ಬೇರಾವ ರಾಕೆಟ್ಟಿನಲ್ಲೂ ಕಂಡಿಲ್ಲ. ತಲೆಯ ಭಾರವೇ ಕೆಲಸ ಮಾಡುತ್ತದೆ. ಪೈರಿನ ಬುಡಕ್ಕೆ ಕುಡುಗೋಲು ಹಾಯಿಸಿದ ಹಾಗೆ ಮೇಲಿನಿಂದ ಕೆಳಕ್ಕೆ ಓರೆಯಾಗಿ ಎಳೆದರೆ ಸಾಕು, ಚೆಂಡು ತೇಲಿ ಹೋಗಿ ನೆಲಕ್ಕೆ ಬಿದ್ದ ಮೇಲೆ ಮೇಲೇಳದೆ ಜಾರುತ್ತದೆ. ಗ್ರಾಫ್ ಅವರಿಗೆ ಚೆಂಡನ್ನು ಮುಂದಕ್ಕೆ ಉರುಳುವಂತೆ ತಿರುಗಿಸುವ ಟಾಪ್‌ಸ್ಪಿನ್ ಬ್ಯಾಕ್‌ಹ್ಯಾಂಡ್ ಹೊಡೆಯಲು ಬರುತ್ತಿರಲಿಲ್ಲ ಎಂಬ ಮಾತು ಇಂದಿಗೂ ಅಲ್ಲಲ್ಲಿ ಕೇಳಿಬರುತ್ತದೆ. ಅದು ನಿಜವಲ್ಲ, ಬೇಕೆಂದಾಗ ಹೊಡೆಯುತ್ತಿದ್ದರು. ಆದರೆ ಕೆಳಮಟ್ಟದಲ್ಲಿ ಬರುವ ಸ್ಲೈಸಿಗೆ ಎದುರಾಳಿ ಮೊಣಕಾಲು ಬಾಗಿಸಿ ಚೆಂಡನ್ನು ಎತ್ತಿಯೇ ಕೊಡಬೇಕಾಗುತ್ತಿತ್ತು, ಎತ್ತಿಕೊಟ್ಟ ಆ ಚೆಂಡಿಗೆ ಫೋರ್‌ಹ್ಯಾಂಡ್ ಕಾದಿರುತ್ತಿತ್ತು. ಒಂದು ಹೊಡೆತ ಇನ್ನೊಂದಕ್ಕೆ ಬೇಟೆ ಒದಗಿಸುವ ಈ ಜೋಡಿ ವಿಂಬಲ್ಡನ್ನಿನ ಹುಲ್ಲಿನ ಮೇಲೆ ಏಳು ಪ್ರಶಸ್ತಿ ತಂದುಕೊಟ್ಟಿತು.

1988ರ ವರ್ಷವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಈ ರಾಕೆಟ್ಟಿನ ಹೆಸರು ಉಳಿದಿರುವುದು ಆ ವರ್ಷದಿಂದ. ವರ್ಷದ ಆರಂಭದಲ್ಲಿ ಗ್ರಾಫ್ ಅವರಿಗೆ 18 ವರ್ಷ. ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ 1969ರ ಜೂನ್ 14ರಂದು ಹುಟ್ಟಿ, ಬ್ರೂಲ್ ಎಂಬ ಊರಿನಲ್ಲಿ ಬೆಳೆದವರು. ತಂದೆ ಪೀಟರ್ ಗ್ರಾಫ್ ಮರದ ರಾಕೆಟ್ಟಿನ ಹಿಡಿ ಕತ್ತರಿಸಿ ಪುಟ್ಟ ಮಗಳ ಕೈಗೆ ಕೊಟ್ಟು ಮನೆಯೊಳಗೇ ಆಟ ಕಲಿಸಿದ್ದರು. 13ನೆಯ ವಯಸ್ಸಿಗೆ ವೃತ್ತಿಪರ ಟೆನಿಸ್ಸಿಗೆ ಬಂದು, 1987ರಲ್ಲಿ ಪ್ಯಾರಿಸ್‌ನಲ್ಲಿ ಮಾರ್ಟಿನಾ ನವ್ರಾಟಿಲೋವಾ ಅವರನ್ನು ಮೂರನೆಯ ಸೆಟ್ಟಿನಲ್ಲಿ 8-6ರಿಂದ ಸೋಲಿಸಿ ಮೊದಲ ಗ್ರ್ಯಾಂಡ್‌ಸ್ಲಾಮ್ ಗೆದ್ದು, ಅದೇ ಆಗಸ್ಟ್‌ನಲ್ಲಿ ವಿಶ್ವದ ಒಂದನೇ ಸ್ಥಾನಕ್ಕೇರಿದ್ದರು. ಫೈನಲ್‌ಗಳಲ್ಲಿ ಅವರಿಗೆ ಸೋತವರು 1988ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಕ್ರಿಸ್ ಎವರ್ಟ್, ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ನತಾಶಾ ಜ್ವೆರೆವಾ. ಪ್ಯಾರಿಸ್ ಫೈನಲ್ 6-0, 6-0ರಲ್ಲಿ ಅರ್ಧ ಗಂಟೆಯ ಆಸುಪಾಸಿನಲ್ಲೇ ಮುಗಿಯಿತು. ವಿಂಬಲ್ಡನ್ ಹಾಗಿರಲಿಲ್ಲ. ಸತತ ಆರು ವರ್ಷ ಅಲ್ಲಿ ಗೆದ್ದಿದ್ದ ನವ್ರಾಟಿಲೋವಾ ಫೈನಲ್‌ನ ಮೊದಲ ಸೆಟ್ಟನ್ನು 7-5ರಿಂದ ಗೆದ್ದು, ಎರಡನೆಯದರಲ್ಲಿ 2-0 ಮುನ್ನಡೆಯಲ್ಲಿದ್ದರು. ಅಲ್ಲಿಂದ ಮುಂದೆ ನಡೆದ 13 ಗೇಮ್‌ಗಳಲ್ಲಿ 12 ಗ್ರಾಫ್ ಅವರ ಪಾಲಾದವು. ಸರ್ವ್ ಮಾಡಿ ಬಲೆಗೆ ಧಾವಿಸುತ್ತಿದ್ದ ಎಡಗೈ ಆಟಗಾರ್ತಿಯ ಪಕ್ಕದಿಂದ ಒಂದಾದ ಮೇಲೊಂದು ರಿಟರ್ನ್‌ಗಳು ಹಾದುಹೋದವು. ಈ ಸಣ್ಣ ತಲೆಯ ರಾಕೆಟ್ಟಿನಲ್ಲಿ ವೇಗದ ಸರ್ವ್‌ಗೆ ರಿಟರ್ನ್ ಮಾಡುವುದು ಎಷ್ಟು ಕಷ್ಟವೆಂದು ಈಗ ನನಗೆ ಗೊತ್ತಿರುವುದರಿಂದ ಆ ಒಂದು ಗಂಟೆಯ ಆಟದ ಬಗ್ಗೆ ನನ್ನ ಗೌರವ ಇಮ್ಮಡಿಯಾಗಿದೆ. ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್, ಅಕ್ಟೋಬರ್ 1ರಂದು ಸೋಲ್ ಒಲಿಂಪಿಕ್ಸ್. ಎರಡೂ ಕಡೆ ಫೈನಲ್‌ನಲ್ಲಿ ಸೋತವರು ಗೇಬ್ರಿಯೆಲಾ ಸಬಾಟಿನಿ.

ರಾಕೆಟ್ಟಿನ ಮಿತಿಗಳನ್ನೂ ಮರೆಮಾಚಬಾರದು. ಭುಜದ ಎತ್ತರಕ್ಕೆ ಪುಟಿದು ಬರುವ ಭಾರದ ಚೆಂಡಿಗೆ ಇದು ಸುಲಭವಾಗಿ ಒಗ್ಗುವುದಿಲ್ಲ. ಆ ಎತ್ತರದಲ್ಲಿ ಸ್ಲೈಸ್ ಮಾಡಿದರೆ ಚೆಂಡು ತೇಲುತ್ತದೆ, ಟಾಪ್‌ಸ್ಪಿನ್ ಹೊಡೆಯಲು ರಾಕೆಟ್ಟಿನ ತೂಕ ಬಿಡುವುದಿಲ್ಲ. ಗ್ರಾಫ್ ಅವರ ವೃತ್ತಿಜೀವನದಲ್ಲಿ ಈ ಪ್ರಶ್ನೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಎತ್ತಿದವರು ಮೋನಿಕಾ ಸೆಲೆಸ್. ಎರಡೂ ಕಡೆ ಎರಡೂ ಕೈ ಹಿಡಿದು, ಚೆಂಡು ಮೇಲೇಳುತ್ತಿರುವಾಗಲೇ ಹೊಡೆಯುತ್ತಿದ್ದ ಸೆಲೆಸ್ ಅವರ ಎದುರು ಸುತ್ತಿಬಂದು ಫೋರ್‌ಹ್ಯಾಂಡ್ ಹೊಡೆಯಲು ಸಮಯವೇ ಸಿಗುತ್ತಿರಲಿಲ್ಲ. 1990 ಮತ್ತು 1992ರ ಪ್ಯಾರಿಸ್ ಫೈನಲ್‌ಗಳಲ್ಲಿ, 1993ರ ಮೆಲ್ಬರ್ನ್ ಫೈನಲ್‌ನಲ್ಲಿ ಗೆದ್ದವರು ಸೆಲೆಸ್. ಸತತ 186 ವಾರ ಉಳಿದಿದ್ದ ಒಂದನೇ ಸ್ಥಾನವೂ 1991ರ ಮಾರ್ಚ್‌ನಲ್ಲಿ ಅವರಿಗೇ ಹೋಯಿತು. 1993ರ ಏಪ್ರಿಲ್ 30ರಂದು ಹ್ಯಾಂಬರ್ಗ್‌ನ ಅಂಕಣದಲ್ಲಿ ಗ್ರಾಫ್ ಅವರ ಹುಚ್ಚು ಅಭಿಮಾನಿಯೊಬ್ಬ ಸೆಲೆಸ್ ಅವರ ಬೆನ್ನಿಗೆ ಚಾಕುವಿನಿಂದ ಇರಿದ. ಅದರ ನಂತರ ಗ್ರಾಫ್ ಗೆದ್ದ 11 ಗ್ರ್ಯಾಂಡ್‌ಸ್ಲಾಮ್‌ಗಳ ಬಗ್ಗೆ ಮಾತಾಡುವಾಗ ಈ ಘಟನೆಯನ್ನು ಬಿಟ್ಟು ಮಾತಾಡುವುದು ಸೆಲೆಸ್ ಅವರಿಗೆ ಅನ್ಯಾಯ. ಆ ಗೆಲುವುಗಳನ್ನೆಲ್ಲ ಈ ಒಂದು ಘಟನೆಯ ಲೆಕ್ಕಕ್ಕೆ ಹಾಕುವುದು ಗ್ರಾಫ್ ಅವರಿಗೆ ಅನ್ಯಾಯ. ಬೆನ್ನುನೋವು, ಪಾದದ ನೋವು, 1995ರಲ್ಲಿ ತೆರಿಗೆ ಪ್ರಕರಣದಲ್ಲಿ ತಂದೆಯ ಬಂಧನ, ಇವೆಲ್ಲದರ ನಡುವೆ 1995 ಮತ್ತು 1996ರಲ್ಲಿ ಆಡಿದ ಆರು ಗ್ರ್ಯಾಂಡ್‌ಸ್ಲಾಮ್‌ಗಳನ್ನೂ ಗೆದ್ದವರು ಅವರು. ಆ ಎರಡು ವರ್ಷ ಮೆಲ್ಬರ್ನ್‌ಗೆ ಹೋಗಲು ಮೈ ಬಿಟ್ಟಿರಲಿಲ್ಲ.

ಸರ್ವ್ ಮತ್ತು ವಾಲಿ (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವ ಹೊಡೆತ) ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾಲಿಗೆ ಇದು ಸೊಗಸಾದ ರಾಕೆಟ್, ಮೆಕೆನ್ರೋ ಇದನ್ನು ಏಕೆ ಮೆಚ್ಚಿದರೆಂಬುದು ಬಲೆಯ ಬಳಿ ನಿಂತ ಕೂಡಲೇ ತಿಳಿಯುತ್ತದೆ. ಸರ್ವ್‌ನಲ್ಲಿ ಭುಜಕ್ಕೆ ದಣಿವಾಗುತ್ತದೆ, ಎರಡನೆಯ ಸೆಟ್ಟಿನ ಹೊತ್ತಿಗೆ ತಲೆ ನಿಧಾನವಾಗುತ್ತದೆ.

ವೃತ್ತಿಜೀವನದ ಉತ್ತರಾರ್ಧದಲ್ಲಿ ಗ್ರಾಫ್ ವಿಲ್ಸನ್ ರಾಕೆಟ್ಟುಗಳಿಗೆ ಬದಲಾದರು. ರಾಕೆಟ್ ಬದಲಾದರೂ ಆಟದ ಕಟ್ಟು ಬದಲಾಗಲಿಲ್ಲ. 1999ರ ಪ್ಯಾರಿಸ್ ಫೈನಲ್‌ನಲ್ಲಿ, ಮೂವತ್ತು ತುಂಬಲು ಇನ್ನೂ ಕೆಲವೇ ದಿನಗಳಿದ್ದಾಗ, ಒಂದನೇ ಕ್ರಮಾಂಕದ 18 ವರ್ಷದ ಮಾರ್ಟಿನಾ ಹಿಂಗಿಸ್ ಎದುರು ಮೊದಲ ಸೆಟ್ ಸೋತು, ಎರಡನೆಯದರಲ್ಲಿ ಹಿಂಗಿಸ್ 5-4ರಲ್ಲಿ ಪಂದ್ಯಕ್ಕಾಗಿ ಸರ್ವ್ ಮಾಡುವ ಸ್ಥಿತಿ ತಲುಪಿದ ಮೇಲೂ 4-6, 7-5, 6-2ರಿಂದ ಗೆದ್ದದ್ದು ಅದೇ ಫೋರ್‌ಹ್ಯಾಂಡ್ ಮತ್ತು ಅದೇ ಸ್ಲೈಸ್‌ನಿಂದ. ಅದು 22ನೆಯ ಹಾಗೂ ಕೊನೆಯ ಗ್ರ್ಯಾಂಡ್‌ಸ್ಲಾಮ್. ಆ ಆಗಸ್ಟ್‌ನಲ್ಲಿ ನಿವೃತ್ತಿ ಘೋಷಿಸಿದಾಗ 107 ಸಿಂಗಲ್ಸ್ ಪ್ರಶಸ್ತಿಗಳು, ಒಂದನೇ ಸ್ಥಾನದಲ್ಲಿ ಒಟ್ಟು 377 ವಾರಗಳು ಅವರ ಹೆಸರಿನಲ್ಲಿದ್ದವು. ನಾಲ್ಕೂ ಗ್ರ್ಯಾಂಡ್‌ಸ್ಲಾಮ್‌ಗಳನ್ನು ತಲಾ ನಾಲ್ಕು ಬಾರಿಯಾದರೂ ಗೆದ್ದವರು ಸಿಂಗಲ್ಸ್‌ನಲ್ಲಿ ಇವತ್ತಿಗೂ ಅವರೊಬ್ಬರೇ. ಹುಲ್ಲು, ಆವೆಮಣ್ಣು, ಗಟ್ಟಿ ಅಂಕಣ, ಯಾವುದರಲ್ಲೂ ಕಾಲು ತಡವರಿಸಲಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಇನ್ನು ಈ ರಾಕೆಟ್ಟನ್ನು ಯಾರು ಕೊಳ್ಳಬಹುದು ಎಂಬ ಮಾತು. ಹೊಸದಾಗಿ ಕಲಿಯುವವರಿಗೆ ಇದು ಖಂಡಿತ ಬೇಡ, ಮಕ್ಕಳಿಗಂತೂ ಬೇಡವೇ ಬೇಡ. ತೂಕಕ್ಕೆ ಮಣಿಕಟ್ಟು ನೋಯುತ್ತದೆ, ತಪ್ಪುಗಳಿಂದ ಮನಸ್ಸು ಕುಗ್ಗುತ್ತದೆ. ವಾರದ ಸ್ಪರ್ಧೆಗಳಲ್ಲಿ ಗೆಲ್ಲಬೇಕೆನ್ನುವವರೂ ತಮ್ಮ ಹೊಸ ರಾಕೆಟ್ಟಿನಲ್ಲೇ ಆಡುವುದು ಲೇಸು. ಹಲವು ವರ್ಷಗಳಿಂದ ಆಡುತ್ತಿದ್ದು, ಕಾಲು ಸೋಮಾರಿಯಾಗಿದೆ ಎಂದು ಅನ್ನಿಸುತ್ತಿರುವವರಿಗೆ ವಾರಕ್ಕೊಮ್ಮೆ ಅಭ್ಯಾಸಕ್ಕೆ ಇದು ಒಳ್ಳೆಯ ಗುರು. ಇದರಲ್ಲಿ ಆಡಿದ ಮರುದಿನ ನನ್ನ ಎಂದಿನ ರಾಕೆಟ್ಟಿನಲ್ಲೂ ಹೆಜ್ಜೆಗಳು ಬೇಗ ಬೀಳುತ್ತವೆ, ಸ್ಲೈಸ್ ಕೆಳಗುಳಿಯುತ್ತದೆ. ಮೊಣಕೈ ನೋವಿನ ತೊಂದರೆಯಿರುವ ಅನುಭವಿ ಆಟಗಾರರಿಗೆ ಇದರ ಮೆದುತನ ಹಿತವಾಗಬಹುದು, ಭುಜ ಗಟ್ಟಿಯಿದ್ದರೆ ಮಾತ್ರ.

ಕೊಳ್ಳುವಾಗ ಮೂರು ಕಡೆಗಳ ಹತ್ತಿರದ ಚಿತ್ರ ಕೇಳಿ ತರಿಸಿಕೊಳ್ಳಿ: ತಲೆಯ ಮೇಲ್ತುದಿ, ಹಿಡಿಯ ಮೇಲೆ ಚೌಕಟ್ಟು ಕವಲಾಗುವ ಜಾಗ, ತಂತಿಯ ತೂತುಗಳ ಸಾಲು. ಬಣ್ಣ ಕಿತ್ತುಹೋಗಿದ್ದರೆ ಚಿಂತೆಯಿಲ್ಲ, ಕೂದಲೆಳೆಯಷ್ಟು ಬಿರುಕಿದ್ದರೂ ಬಿಟ್ಟುಬಿಡಿ, ಏಕೆಂದರೆ ಗಟ್ ಎಳೆಯುವಾಗ ಅದು ಹರಿಯುತ್ತದೆ. ಗ್ರಾಫ್ ಆಡಿದ ಮಾದರಿ ಎಂಬ ಒಂದೇ ಕಾರಣಕ್ಕೆ ಹೊಸ ರಾಕೆಟ್ಟಿನ ಎರಡರಷ್ಟು ಬೆಲೆ ಹೇಳುವವರಿದ್ದಾರೆ. ಈ ಮಾದರಿ ಸಾಕಷ್ಟು ಸಂಖ್ಯೆಯಲ್ಲಿ ತಯಾರಾದದ್ದರಿಂದ ಸ್ವಲ್ಪ ಕಾದರೆ ನ್ಯಾಯವಾದ ಬೆಲೆಗೆ ಸಿಗುತ್ತದೆ. ಗಟ್ ಹಾಕಿಸುವಾಗ ಪಾಲಿಯೆಸ್ಟರ್ ತಂತಿ ಬೇಡವೆಂದು ಮೊದಲೇ ಹೇಳಿ, ಚರ್ಮದ ಹೊಸ ಗ್ರಿಪ್ ಸುತ್ತಿಸಿಕೊಳ್ಳಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಇದನ್ನು ಬಿಟ್ಟುಹೋಗಬೇಡಿ.