ಉದ್ರಿ ಪುಸ್ತಕದ ಬದಲು ಗೂಗಲ್ ಶೀಟ್ಸ್: ಒಂದು ವರ್ಷ ಬಳಸಿದ ಮೇಲೆ

ಸಾಗರದ ಹತ್ತಿರ ನಮ್ಮ ಚಿಕ್ಕಪ್ಪನದೊಂದು ಕಿರಾಣಿ ಅಂಗಡಿ ಇದೆ. ಅರ್ಧಕ್ಕರ್ಧ ವ್ಯಾಪಾರ ಉದ್ರಿಯದು. ಅಡಿಕೆ ಮಾರಿದ ಮೇಲೆ ಕೊಡುವವರು, ಸಂಬಳ ಬಂದ ದಿನ ಕೊಡುವವರು, ಆಗಾಗ ನೂರು ಇನ್ನೂರು ಕೊಟ್ಟು ಹೋಗುವವರು, ಎಲ್ಲ ಥರದವರೂ ಇದ್ದಾರೆ. ಒಬ್ಬರ ಬಾಕಿ ಹೇಳಬೇಕಾದರೆ ಚಿಕ್ಕಪ್ಪ ಮೂರು ಪುಸ್ತಕ ತಿರುವಿ, ಕ್ಯಾಲ್ಕುಲೇಟರ್ ಒತ್ತಿ, ಮಧ್ಯದಲ್ಲಿ ಗಿರಾಕಿ ಬಂದರೆ ಮತ್ತೆ ಮೊದಲಿಂದ ಕೂಡಿಸಬೇಕಿತ್ತು. ಕಳೆದ ವರ್ಷ ಅದನ್ನೆಲ್ಲ ನೆಟ್‌ನಲ್ಲೇ ಸಾಲು, ಕಾಲಂ ಮಾಡಿ ಲೆಕ್ಕ ಇಡುವ ಗೂಗಲ್ ಶೀಟ್ಸ್‌ಗೆ ಹಾಕಿಕೊಟ್ಟೆ.

ಶೀಟ್ಸ್ ಯಾಕೆ ಅಂದರೆ, ದುಡ್ಡು ಕೊಡಬೇಕಿಲ್ಲ, ಜಿಮೇಲ್ ಇದ್ದರೆ ಸಾಕು. ಅಲ್ಲಿ ಚಿಕ್ಕಮ್ಮ ತುಂಬಿದ್ದು ಬೆಂಗಳೂರಲ್ಲಿರೋ ನನಗೆ ಆಗಲೇ ಕಾಣುತ್ತದೆ. ಎಕ್ಸೆಲ್ ಕೊಂಡಿರುವವರು ಬದಲಾಯಿಸಬೇಕಾಗಿಲ್ಲ, ನಾನು ಹೇಳುವ, ಲೆಕ್ಕವನ್ನು ತಾನೇ ಮಾಡಿಕೊಡುವ ಫಂಕ್ಷನ್‌ಗಳು ಅದರಲ್ಲೂ ಇವೆ, ಹಳೇ ಆವೃತ್ತಿಯಾದರೆ ಒಂದೆರಡು ಸಿಗದೇ ಇರಬಹುದು ಅಷ್ಟೆ.

ಮೊದಲ ಶೀಟ್‌ನಲ್ಲಿ ಐದೇ ಕಾಲಂ: ತಾರೀಖು, ಹೆಸರು, ವಿವರ, ಉದ್ರಿ, ಜಮಾ. ಒಂದು ವ್ಯವಹಾರಕ್ಕೆ ಒಂದು ಸಾಲು. ಮಧ್ಯೆ ಎಲ್ಲೂ ಒಟ್ಟು ಹಾಕಬಾರದು, ಸೆಲ್‌ಗಳನ್ನು ಮರ್ಜ್ ಮಾಡಬಾರದು, ಅಂದರೆ ಒಂದಕ್ಕೊಂದು ಸೇರಿಸಿ ಒಂದೇ ಸೆಲ್ ಮಾಡಬಾರದು. ಪುಸ್ತಕದಲ್ಲಿ ಪುಟದ ಕೆಳಗೆ ಒಟ್ಟು ಬರೆಯೋ ಅಭ್ಯಾಸ ಇದ್ದವರಿಗೆ ಇದು ಕಷ್ಟ, ಆದರೆ ಅದನ್ನು ಬಿಟ್ಟರೇನೇ ಉಳಿದದ್ದೆಲ್ಲ ಸಲೀಸು.

ಎರಡನೇ ಶೀಟ್‌ನಲ್ಲಿ ಗಿರಾಕಿಗಳ ಹೆಸರು, ಪಕ್ಕದಲ್ಲಿ ಬಾಕಿ. ಅದಕ್ಕೆ ಸಮ್‌ಇಫ್ ಒಂದೇ ಸಾಕು. ಆ ಹೆಸರಿನ ಉದ್ರಿಯೆಲ್ಲ ಕೂಡಿಸು, ಅದರಿಂದ ಆ ಹೆಸರಿನ ಜಮಾ ಎಲ್ಲ ಕಳೆ. ತಿಂಗಳ ಲೆಕ್ಕವೂ ಬೇಕು ಅಂದರೆ ಒಂದಕ್ಕಿಂತ ಹೆಚ್ಚು ಷರತ್ತು ಹಾಕಬಹುದಾದ ಸಮ್‌ಇಫ್ಸ್. ಇಲ್ಲಿ ಒಂದು ವಿಷಯ ನೆನಪಿಡಿ: ಸಮ್‌ಇಫ್‌ನಲ್ಲಿ ಕೂಡಿಸಬೇಕಾದ ಕಾಲಂ ಕೊನೆಗೆ ಬರುತ್ತದೆ, ಸಮ್‌ಇಫ್ಸ್‌ನಲ್ಲಿ ಮೊದಲೇ ಬರುತ್ತದೆ. ಸುಮ್ನೆ ಒಂದು 'ಎಸ್' ಸೇರಿಸಿದರೆ ಆಗಲ್ಲ.

ನಿಜವಾಗಿ ಚಿಕ್ಕಪ್ಪನಿಗೆ ಕೆಲಸಕ್ಕೆ ಬಂದದ್ದು ಮ್ಯಾಕ್ಸ್‌ಇಫ್ಸ್. ಪ್ರತಿಯೊಬ್ಬರೂ ಕೊನೆಯ ಸಲ ಯಾವಾಗ ದುಡ್ಡು ಕೊಟ್ಟರು ಅನ್ನೋದನ್ನ ಅದು ಹುಡುಕಿಕೊಡುತ್ತದೆ. ಇವತ್ತಿನ ತಾರೀಖಿನಿಂದ, ಅಂದರೆ ಟುಡೇ ಫಂಕ್ಷನ್‌ನಿಂದ, ಅದನ್ನು ಕಳೆದರೆ ಎಷ್ಟು ದಿನ ಆಯಿತು ಅಂತ ಸಿಗುತ್ತದೆ. 90 ದಿನ ದಾಟಿದವರ ಸಾಲು ಕೆಂಪಾಗುವ ಹಾಗೆ ಮಾಡಿದ್ದೇನೆ. ಬಾಕಿ ಜಾಸ್ತಿ ಇರುವವರಿಗಿಂತ ಬಹಳ ದಿನದಿಂದ ಏನೂ ಕೊಡದವರನ್ನು ಮೊದಲು ಮಾತಾಡಿಸಬೇಕು ಅಂತ ಚಿಕ್ಕಪ್ಪ ಯಾವಾಗಲೂ ಹೇಳುತ್ತಿದ್ದರು, ಈಗ ಆ ಪಟ್ಟಿ ದಿನಾ ಕಣ್ಣೆದುರು ಇರುತ್ತದೆ. ಒಮ್ಮೆಯೂ ಕೊಡದವರ ಎದುರು ಮಾತ್ರ 45 ಸಾವಿರಕ್ಕೂ ಮೇಲಿನ ದಿನ ಬರುತ್ತದೆ, ಯಾಕೆಂದರೆ ತಾರೀಖು ಸಿಗದಿದ್ದಾಗ ಬರೋದು ಸೊನ್ನೆ, ಶೀಟ್ಸ್‌ನಲ್ಲಿ ತಾರೀಖು ಅಂದರೆ ದಿನಗಳ ಎಣಿಕೆ, ಅದರಲ್ಲಿ ಸೊನ್ನೆ ಅಂದರೆ 1899ರ ಡಿಸೆಂಬರ್ 30. ಒಂದು ಇಫ್ ಹಾಕಿ ಅಲ್ಲಿ 'ಜಮಾ ಇಲ್ಲ' ಅಂತ ಬರೋ ಹಾಗೆ ಮಾಡಿದರೆ ಸರಿಹೋಗುತ್ತದೆ.

ಸಾಮಾನಿನ ದರಪಟ್ಟಿಗೆ, ಹೆಸರು ಕೊಟ್ಟರೆ ದರ ಹುಡುಕಿಕೊಡುವ ಎಕ್ಸ್‌ಲುಕಪ್ ಬಳಸಿ. ಹಳೇ ವಿಲುಕಪ್‌ನಲ್ಲಿ ಕೊನೆಗೆ ಫಾಲ್ಸ್ ಅಂತ ಹಾಕದಿದ್ದರೆ ಅದು ಹತ್ತಿರದ್ದನ್ನು ಹಿಡಿದುಕೊಂಡು ಬೇರೆ ದರ ತೋರಿಸಬಹುದು, ತಪ್ಪಾಗಿದೆ ಅಂತ ಹೇಳುವುದೂ ಇಲ್ಲ.

ನಾನು ಎರಡು ಸಂಜೆ ಕಳೆದದ್ದು ಹೆಸರುಗಳ ಮೇಲೆ. ಗಣೇಶ್ ಅನ್ನೋರ ಬಾಕಿ ಎಷ್ಟು ನೋಡಿದರೂ ಕಡಿಮೆ ಬರುತ್ತಿತ್ತು. ಎಲ್ಲ ಸಾಲಲ್ಲೂ ಹೆಸರು ಒಂದೇ ಥರ ಕಾಣುತ್ತಿದೆ, ಹಿಂದೆ ಮುಂದೆ ಜಾಗ ಬಿಟ್ಟಿರಬಹುದು ಅಂತ ಟ್ರಿಮ್ ಹಾಕಿದರೂ ಸರಿಹೋಗಲಿಲ್ಲ. ಕೊನೆಗೆ ಲೆನ್ ಹಾಕಿ ಅಕ್ಷರ ಎಣಿಸಿದೆ. ಕೆಲವು ಸಾಲಲ್ಲಿ 5, ಕೆಲವು ಸಾಲಲ್ಲಿ 6! ಕನ್ನಡ ಕೀಬೋರ್ಡ್‌ಗಳಲ್ಲಿ ಕೆಲವು ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಸುತ್ತವೆ, ಒತ್ತಕ್ಷರ ಅಂಟಿಕೊಳ್ಳಬಾರದು ಅಂತ. ಚಿಕ್ಕಮ್ಮನ ಲ್ಯಾಪ್‌ಟಾಪ್‌ನಿಂದ ಬಂದ ಗಣೇಶ್ ಬೇರೆ, ನನ್ನ ಫೋನಿನಿಂದ ಬಂದ ಗಣೇಶ್ ಬೇರೆ. ಟ್ರಿಮ್ ತೆಗೆಯೋದು ಖಾಲಿ ಜಾಗ ಮಾತ್ರ. ಈ ಚಿಹ್ನೆ ತೆಗೆಯಲು ಸಬ್‌ಸ್ಟಿಟ್ಯೂಟ್ ಒಳಗೆ ಯೂನಿಕ್ಯಾರ್ 8204 ಕೊಡಬೇಕು, ಅಂದರೆ ಆ ಸಂಖ್ಯೆಯ ಚಿಹ್ನೆ ಇದ್ದಲ್ಲಿ ಏನೂ ಇಲ್ಲದ ಹಾಗೆ ಬದಲಾಯಿಸು ಅಂತ ಹೇಳಬೇಕು. ಇಂಗ್ಲಿಷ್‌ನಲ್ಲಿ ಹೆಸರು ಬರೆಯುವವರಿಗೆ ಈ ತೊಂದರೆ ಬರೋದು ಅಪರೂಪ, ಹಾಗಾಗಿ ಸಾಮಾನ್ಯ ಪಾಠಗಳಲ್ಲಿ ಇದರ ಮಾತೇ ಇರಲ್ಲ. ಕನ್ನಡದಲ್ಲಿ ಲೆಕ್ಕ ಇಡುವವರು ದಯವಿಟ್ಟು ಇದನ್ನು ಬರೆದಿಟ್ಟುಕೊಳ್ಳಿ. ಆಮೇಲೆ ನಾನು ಹೆಸರಿನ ಕಾಲಂಗೆ ಡ್ರಾಪ್‌ಡೌನ್ ಹಾಕಿದೆ. ಈಗ ಯಾರೂ ಹೆಸರು ಟೈಪ್ ಮಾಡಲ್ಲ, ಪಟ್ಟಿಯಿಂದ ಆರಿಸುತ್ತಾರೆ.

ತಾರೀಖಿನದೂ ಶುರುವಿನಲ್ಲೇ ಸರಿ ಮಾಡಿ. ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್, ಅಂದರೆ ಯಾವ ದೇಶದ ರೂಢಿ ಅನ್ನೋದು, ಅಮೆರಿಕ ಅಂತ ಇದ್ದರೆ ನೀವು 5/4 ಅಂತ ಬರೆದ ಏಪ್ರಿಲ್ 5 ಮೇ 4 ಆಗುತ್ತದೆ, 13/4 ತಾರೀಖೇ ಅಲ್ಲ, ಬರೀ ಪಠ್ಯ ಅಂತ ಉಳಿಯುತ್ತದೆ. ಭಾರತ ಅಂತ ಬದಲಾಯಿಸಿ.

ಇಷ್ಟವಾಗದ್ದೂ ಇದೆ. ಫೋನಿನಲ್ಲಿ ನೋಡೋಕೆ, ಒಂದೆರಡು ಸಾಲು ತುಂಬೋಕೆ ಪರವಾಗಿಲ್ಲ, ಫಾರ್ಮುಲಾ ಬರೆಯೋದು ಮಾತ್ರ ಹಿಂಸೆ. ಫಂಕ್ಷನ್ ಹೆಸರೆಲ್ಲ ಇಂಗ್ಲಿಷ್‌ನಲ್ಲೇ, ಅದಕ್ಕೇ ಚಿಕ್ಕಮ್ಮ ಎರಡನೇ ಶೀಟ್ ಮುಟ್ಟಲು ಹೆದರುತ್ತಾರೆ. ಬೇರೆಯವರು ಬದಲಾಯಿಸಲು ಆಗದ ಹಾಗೆ ಅದನ್ನು ಪ್ರೊಟೆಕ್ಟ್ ಮಾಡಿಟ್ಟಿದ್ದೇನೆ. ಮಳೆಗಾಲದಲ್ಲಿ ನೆಟ್ ಹೋಗೋ ಊರಾದರೆ ಆಫ್‌ಲೈನ್ ಆಯ್ಕೆಯನ್ನು ನೆಟ್ ಇರುವಾಗಲೇ ಆನ್ ಮಾಡಿಕೊಳ್ಳಬೇಕು. ಇನ್ನೊಂದು, ಲಿಂಕ್ ಇದ್ದವರೆಲ್ಲ ನೋಡಬಹುದು ಅನ್ನೋ ಆಯ್ಕೆ ಬೇಡವೇ ಬೇಡ. ಊರವರ ಸಾಲದ ಲೆಕ್ಕ ಅದು. ಬೇಕಾದವರ ಇಮೇಲ್ ಮಾತ್ರ ಸೇರಿಸಿ.

ಗಲ್ಲಾಪೆಟ್ಟಿಗೆ ಪಕ್ಕ ಪುಸ್ತಕ ಈಗಲೂ ಇದೆ. ಗಿರಾಕಿ ಎದುರಿಗೇ ಬರೆದರೆ ಅವರಿಗೂ ನಂಬಿಕೆ ಅಂತಾರೆ ಚಿಕ್ಕಪ್ಪ, ಅದು ಸರಿಯೇ. ರಾತ್ರಿ ಬಾಗಿಲು ಹಾಕಿದ ಮೇಲೆ ಅವರು ಓದುತ್ತಾ ಹೋಗುತ್ತಾರೆ, ಚಿಕ್ಕಮ್ಮ ತುಂಬುತ್ತಾ ಹೋಗುತ್ತಾರೆ. ಇಪ್ಪತ್ತು ನಿಮಿಷದ ಕೆಲಸ.